ನಮ್ಮ ಅಂಗಳಕ್ಕೆ ಓಡಿ ಬಂದವರು

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಈಶ್ವರಮಂಗಲದಲ್ಲಿ ಸರಕಾರದ ಹೆರಿಗೆ ದಾದಿ. ಮದುವೆಯಾಗಿ ಒಂದೂವರೆ ವರ್ಷಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದರು. ತವರಿಗೆ ವಾಪಸಾದ ನನ್ನನ್ನು, ನೆಂಟರಿಷ್ಟರು ಬೇಡವೆಂದರೂ ಕೇಳದೆ, ಅಪ್ಪ ಮಂಗಳೂರಿಗೆ ದಾದಿಯ ತರಬೇತಿಗೆ ಕಳಿಸಿದರು. ನಾನು ಕಲಿತು ಮುಗಿಸುವಷ್ಟರಲ್ಲಿ ಅಪ್ಪನೂ ಹೋಗಿಬಿಟ್ಟಿದ್ದರು. ಕೆಲಸ ಸಿಕ್ಕಿದ್ದು ತವರುಮನೆಯಿಂದ ಒಂದೂವರೆ ಮೈಲಿ ದೂರದಲ್ಲಿ. ಎರಡು ಕೋಣೆಯ ಬಾಡಿಗೆ ಕಟ್ಟಡ, ಒಂದು ಮೇಜು, ನೀರು ಕುದಿಸಲು ಒಂದು ಸೀಮೆಎಣ್ಣೆ ಒಲೆ, ಕಪ್ಪು ಚರ್ಮದ ಒಂದು ಚೀಲ. ತವರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮೂವರು ಮಕ್ಕಳು ಇದ್ದರು. ಆದಿತ್ಯವಾರ ಅಲ್ಲಿಗೆ ಹೋಗಿ ಉಂಡು ಬರುವುದು ರೂಢಿ.

ಜವಳಿಯವರು ಬರುತ್ತಿದ್ದದ್ದೂ ಹೆಚ್ಚಾಗಿ ಆದಿತ್ಯವಾರವೇ. ಕುಂಬ್ರದ ಹತ್ತಿರದ ಬ್ಯಾರಿ ಅವರು, ನಮ್ಮ ಕರಾವಳಿಯ ಮುಸಲ್ಮಾನರು. ಬಿಳಿ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಕಟ್ಟಿದ ದೊಡ್ಡ ಗಂಟನ್ನು ತಲೆಯ ಮೇಲೆ ಹೊತ್ತು, ಕಂಕುಳಲ್ಲಿ ಅಳತೆಯ ಗಜಕೋಲು ಸಿಕ್ಕಿಸಿಕೊಂಡು, ಮನೆ ಮನೆ ತಿರುಗಿ ಸೀರೆ, ರವಿಕೆ ಕಣ, ಮಕ್ಕಳ ಅಂಗಿ ಮಾರುವವರು. ನಾನು ಲಂಗ ಉಡುತ್ತಿದ್ದಾಗಿನಿಂದ ಅವರನ್ನು ಕಂಡವಳು. ಗಂಟು ಇಳಿಸುವ ಮೊದಲು ಅಂಗಳದ ಕೊನೆಯಲ್ಲೇ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಅದು ಅವರು ಬಂದರೆಂಬ ಸೂಚನೆ. ಅಮ್ಮ ಬೆಲ್ಲ ನೀರು ಕೊಡುತ್ತಿದ್ದರು. ಅವರ ಲೋಟ ಬೇರೆ ಇತ್ತು. ಕುಡಿದು, ತಾವೇ ತೊಳೆದು, ಜಗಲಿಯ ಕಂಬದ ಬುಡದಲ್ಲಿ ಕವುಚಿಡುತ್ತಿದ್ದರು. ಅದನ್ನು ನಾವು ಯಾರೂ ಅವಮಾನವೆಂದು ತಿಳಿದಿರಲಿಲ್ಲ. ಅವರು ಏನು ತಿಳಿದಿದ್ದರೋ ಕೇಳಿದವರಿಲ್ಲ.

ಕೆಲಸಕ್ಕೆ ಸೇರುವ ಮುಂಚೆ ನನಗೆ ನಾಲ್ಕು ಸೀರೆ ಬೇಕಾಗಿತ್ತು. ಗಂಡ ಸತ್ತ ಮೇಲೆ ನಾನು ಉಡುತ್ತಿದ್ದದ್ದು ಮಾಸಿದ ಬಿಳಿ ಸೀರೆ. ಅಮ್ಮ ಅದೇ ಸಾಕೆಂದರು. ಅಣ್ಣ ಮಾತಾಡಲಿಲ್ಲ. ಜವಳಿಯವರು ಗಂಟಿನ ಅಡಿಯಿಂದ ಒಂದು ಸೀರೆ ಎಳೆದು ತೆಗೆದು, ನನ್ನನ್ನು ನೋಡದೆ, ಅಮ್ಮನಿಗೇ ಹೇಳಿದರು:

"ಅಮ್ಮಾ, ಸರಕಾರದ ಕೆಲಸಕ್ಕೆ ಹೋಗುದಲ್ವಾ. ಬಿಳಿಯೇ ಇರ್ಲಿ. ಅಂಚಿಗೆ ಒಂದು ಗೆರೆ ನೀಲಿ ಇದ್ರೆ ಯಾರಿಗೂ ಎಂತ ತೊಂದ್ರೆ ಉಂಟು? ಆಸ್ಪತ್ರೆಯವರೆಲ್ಲ ಹೀಗೆಯೇ ಉಡುದು."

ಆಸ್ಪತ್ರೆಯವರೆಲ್ಲ ಹಾಗೆ ಉಡುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ಒಪ್ಪಿದರು. ಆ ನೀಲಿ ಗೆರೆಯನ್ನು ಉಟ್ಟು ನಾನು ಮೊದಲ ದಿನ ಕೆಲಸಕ್ಕೆ ನಡೆದು ಹೋದಾಗ ಆದ ಸಂತೋಷವನ್ನು ಈಗಲೂ ಯಾರಿಗೂ ವಿವರಿಸಲಾರೆ.

ಆ ಬೇಸಿಗೆ ನಮ್ಮ ಕಡೆಯ ಹೊಳೆಗೆ ಸೇತುವೆ ಕಟ್ಟುವ ಕೆಲಸ ಶುರುವಾಯಿತು. ಹೊರ ಊರಿನ ಕೂಲಿಯವರು ಬಂದು ಜೋಪಡಿ ಹಾಕಿಕೊಂಡರು. ನೀರು ಕಡಿಮೆಯಾದ ಹೊಳೆಯಲ್ಲಿ ಕಂಬದ ಪಾಯ ತೋಡುತ್ತಿದ್ದರು. ಒಂದು ಪಾಯದಲ್ಲಿ ಮರಳು ಕುಸಿದು ಕೆಲಸ ಎರಡು ಸಲ ಹಾಳಾಯಿತು. ಅಷ್ಟೇ ಸಾಕಾಯಿತು. ಕಂಬ ನಿಲ್ಲಬೇಕಾದರೆ ಮಕ್ಕಳ ತಲೆ ಕೊಡಬೇಕಂತೆ, ಅದಕ್ಕೆ ಗೋಣಿ ಹೊತ್ತವರು ಊರೂರು ತಿರುಗಿ ಮಕ್ಕಳನ್ನು ಹಿಡಿಯುತ್ತಾರಂತೆ ಎಂದು ಸುದ್ದಿ ಹುಟ್ಟಿತು. ಯಾರು ಮೊದಲು ಹೇಳಿದರೋ ತಿಳಿಯದು. ತಿಂಗಳೊಳಗೆ ಶಾಲೆಗೆ ಹೋಗುವ ಮಕ್ಕಳು ಅರ್ಧಕ್ಕೆ ಇಳಿದರು.

ಹೆರಿಗೆ ದಾದಿ ಎಂದರೆ ಎಲ್ಲ ಮನೆಯ ಒಳಕೋಣೆಗೂ ಹೋಗುವವಳು. ಹೆಂಗಸರು ನನ್ನನ್ನು ಕೇಳಿದರು. "ನರ್ಸಮ್ಮ, ನೀವು ಸರಕಾರದವರಲ್ವಾ, ನಿಮಗೆ ಗೊತ್ತಿರ್ಬೇಕು. ಇದು ಹೌದಾ?"

ಇಲ್ಲ ಎಂದು ನಾನು ಹೇಳಬೇಕಿತ್ತು. ನನಗೆ ಅದು ಸುಳ್ಳೆಂದು ಗೊತ್ತಿತ್ತು. ಆದರೆ ತಿಂಗಳ ಸಭೆಗೆ ಪುತ್ತೂರಿಗೆ ಹೋಗಿದ್ದಾಗ ಕಡಬದ ಕಡೆಯ ಇನ್ನೊಬ್ಬ ದಾದಿ, ಅವರ ಊರಿನಲ್ಲಿ ಒಂದು ಮಗು ಕಾಣೆಯಾದ ಕತೆ ಹೇಳಿದ್ದಳು. ಅವಳೂ ನೋಡಿದವಳಲ್ಲ, ಕೇಳಿದವಳು. ನಾನು ಅದನ್ನು ತಂದು ಅತ್ತಿಗೆಗೆ ಹೇಳಿದೆ, ಇನ್ನೂ ನಾಲ್ಕು ಮನೆಯಲ್ಲಿ ಹೇಳಿದೆ. "ಹೌದೋ ಅಲ್ಲವೋ, ಮಕ್ಕಳ ಮೇಲೆ ಒಂದು ಕಣ್ಣಿರ್ಲಿ" ಎಂದು ಮುಗಿಸುತ್ತಿದ್ದೆ. ಹಾಗೆ ಹೇಳುವಾಗ ನನ್ನ ಮಾತಿಗೆ ಎಲ್ಲರೂ ಕಿವಿ ಕೊಡುವುದು ನನಗೆ ಹಿತವಾಗಿತ್ತು ಎಂಬುದನ್ನು ಈ ವಯಸ್ಸಿನಲ್ಲಿ ಮುಚ್ಚಿಡುವುದೇಕೆ.

ಆ ದಿನ ಬುಧವಾರ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ನಮ್ಮ ಮನೆಯ ತೋಟದ ಕೆಲಸದವಳು ಏದುಸಿರು ಬಿಡುತ್ತ ಓಡಿ ಬಂದಳು. "ನರ್ಸಮ್ಮ, ಚೀಲ ತಕೊಂಡು ಬೇಗ ಬನ್ನಿ. ನಿಮ್ಮ ಅಂಗಳದಲ್ಲಿ ಒಬ್ರು ಬಿದ್ದಿದ್ದಾರೆ."

"ಯಾರು?"

ಅವಳು ಹೇಳಲಿಲ್ಲ. ಅಡಿಕೆ ಮರದಿಂದ ಯಾರೋ ಬಿದ್ದರೆಂದುಕೊಂಡೆ. ದಾರಿಯುದ್ದಕ್ಕೂ ಅವಳು ನನ್ನ ಮುಂದೆ ಮುಂದೆ ಓಡಿದಳು, ತಿರುಗಿ ನೋಡಲಿಲ್ಲ.

ಅಂಗಳದಲ್ಲಿ ಅಡಿಕೆ ಒಣಹಾಕಿತ್ತು. ಅದರ ನಡುವೆ ಒಂದು ಉದ್ದದ ಗೀರು ಬಿದ್ದಿತ್ತು. ಅಡಿಕೆಯೆಲ್ಲ ಎರಡೂ ಬದಿಗೆ ಸರಿದು ಮಣ್ಣು ಕಾಣುತ್ತಿತ್ತು. ಆ ಗೀರಿನ ಕೊನೆಗೆ, ಜಗಲಿಯ ಮೆಟ್ಟಿಲಿಗೆ ತಲೆಯಾನಿಸಿ ಜವಳಿಯವರು ಬಿದ್ದಿದ್ದರು. ಗಂಟು ಅಂಗಳದ ಆಚೆ ತುದಿಯಲ್ಲಿ ಕಟ್ಟಿದಂತೆಯೇ ಇತ್ತು. ಗಜಕೋಲು ಎರಡು ತುಂಡಾಗಿತ್ತು. ಸುತ್ತ ಯಾರೂ ಇರಲಿಲ್ಲ. ನಮ್ಮ ಮನೆಯ ಬಾಗಿಲು ಮುಚ್ಚಿತ್ತು.

ನನ್ನ ಕೈ ಕೆಲಸಕ್ಕೆ ತೊಡಗಿತು, ಕೈಗೆ ಅಭ್ಯಾಸವಿತ್ತು. ತಲೆಯ ಹಿಂಬದಿ ಒಡೆದಿತ್ತು. ಬಲಗಡೆಯ ಪಕ್ಕೆಲುಬುಗಳು ಮುಟ್ಟಿದರೆ ಒಳಗೆ ಸರಿಯುತ್ತಿದ್ದವು. ಬಾಗಿಲು ತಟ್ಟಿ ನೀರು ಕೇಳಿದೆ. ಮೂರು ಸಲ ತಟ್ಟಿದ ಮೇಲೆ ಬಾಗಿಲು ಒಂದು ಗೇಣು ತೆರೆದು ಅತ್ತಿಗೆ ತಂಬಿಗೆ ಹೊರಗೆ ಚಾಚಿದಳು. ಮುಖ ಕಾಣಲಿಲ್ಲ, ಬಳೆಯ ಕೈ ಮಾತ್ರ ಕಂಡಿತು.

ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಹಚ್ಚಿದಾಗ ಅವರು ಕಣ್ಣು ತೆರೆದು ನನ್ನನ್ನು ಗುರುತಿಸಿದರು.

"ನರ್ಸಮ್ಮ, ಆ ಗಂಟು... ಬಿಚ್ಚಿ ನೋಡ್ಲಿಕ್ಕೆ ಹೇಳಿ. ಒಂದ್ಸಲ ನೋಡ್ಲಿ."

"ಮಾತಾಡ್ಬೇಡಿ" ಎಂದೆ.

"ಬಿಚ್ಚಿದ್ರೆ ಗೊತ್ತಾಗ್ತದೆ" ಎಂದರು.

ಆಗ ಪಕ್ಕದ ಮನೆಯ ಹೆಂಗಸು ನಾಲ್ಕು ವರ್ಷದ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ತೋಟದ ದಾರಿಯಲ್ಲಿ ಬಂದಳು. ಅಂಗಳದ ಕೊನೆಗೆ ಬಂದವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಅವಳ ಅಳುವಿನ ನಡುವೆಯೇ ನನಗೆ ನಡೆದದ್ದು ತಿಳಿಯಿತು. ಜವಳಿಯವರು ಅವಳ ಮನೆಗೆ ಹೋಗಿದ್ದರು. ಮಗುವಿನ ಕೈಗೆ ಒಂದು ಪೆಪ್ಪರಮಿಂಟು ಕೊಟ್ಟು ಹೊರಟಿದ್ದರು. ಸ್ವಲ್ಪ ಹೊತ್ತಿಗೆ ನೋಡಿದರೆ ಮಗು ಇಲ್ಲ. ಇವಳು ಕಿರುಚಿಕೊಂಡಳು. ತೋಟದಲ್ಲಿ ಅಡಿಕೆ ಕೊಯ್ಯುತ್ತಿದ್ದವರು, ಅಕ್ಕಪಕ್ಕದ ಮನೆಯವರು ದೋಟಿ ಬಡಿಗೆ ಹಿಡಿದು ಓಡಿದರು. ದಾರಿಯಲ್ಲಿ ತಲೆಯ ಮೇಲೆ ಗಂಟು ಹೊತ್ತ ಮನುಷ್ಯ ಕಂಡ. ಮಗು ಕೊಟ್ಟಿಗೆಯ ಅಟ್ಟದಲ್ಲಿ, ಬೈಹುಲ್ಲಿನ ನಡುವೆ, ಪೆಪ್ಪರಮಿಂಟನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗಿತ್ತು.

"ನಾನು ಅವರ ಹೆಸರು ಹೇಳ್ಲಿಲ್ಲ ನರ್ಸಮ್ಮ" ಎಂದಳು ಅವಳು. "ಮಗು ಇಲ್ಲ ಅಂತ ಮಾತ್ರ ಹೇಳಿದ್ದು."

ಹೊಡೆದವರಲ್ಲಿ ಸೇತುವೆಯ ಕೂಲಿಯವರಿರಲಿಲ್ಲ, ಹೊರಗಿನವರು ಒಬ್ಬರೂ ಇರಲಿಲ್ಲ. ಹೊಡೆದವರ ಹೆಂಡಂದಿರೆಲ್ಲ ಉಟ್ಟಿದ್ದದ್ದು ಆ ಗಂಟಿನಿಂದ ಬಂದ ಸೀರೆಗಳನ್ನು.

ಮರ ಹೇರಿಕೊಂಡು ಪುತ್ತೂರಿಗೆ ಹೊರಟಿದ್ದ ಲಾರಿಯೊಂದನ್ನು ರಸ್ತೆಯಲ್ಲಿ ಕೆಲಸದವಳು ಅಡ್ಡ ನಿಂತು ನಿಲ್ಲಿಸಿದಳು. ಡ್ರೈವರನೂ ಅವನ ಕ್ಲೀನರನೂ ಬಂದು, ಚಾಪೆಯಲ್ಲಿ ಮಲಗಿಸಿ, ಅವರನ್ನು ಎತ್ತಿಕೊಂಡು ಹೋದರು. ಅಣ್ಣ ಎಲ್ಲಿ ಎಂದು ನಾನು ಕೇಳಲಿಲ್ಲ. ತೋಟದಾಚೆ ಎಲ್ಲೋ ಇರಬೇಕೆಂದುಕೊಂಡೆ. ಲಾರಿಯ ಮುಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಕಾವು ಎಂಬ ಊರು ದಾಟುವವರೆಗೂ ಉಸಿರು ಎಣಿಸುತ್ತಿದ್ದೆ. ಕುಂಬ್ರದಲ್ಲಿ ಸಂಜೆಯ ಬಿಸಿಲು ಅಂಗಡಿಗಳ ಮೇಲೆ ಬಿದ್ದಿತ್ತು, ಜನ ಚಹಾ ಕುಡಿಯುತ್ತ ನಿಂತಿದ್ದರು. ಜವಳಿಯವರ ಮನೆ ಅಲ್ಲಿಂದ ಕೂಗಳತೆಯ ದೂರ.

"ಇಲ್ಲಿ ನಿಲ್ಲಿಸಿ, ಮನೆಯವರಿಗೆ ಹೇಳುವ" ಎಂದೆ.

ಡ್ರೈವರ್ ನನ್ನ ಮುಖ ನೋಡಿದ. "ಇಲ್ಲಿ ನಿಲ್ಲಿಸಿದ್ರೆ ಎಂತ ಆಗ್ತದೆ ಗೊತ್ತುಂಟಾ? ಮೊದಲು ಆಸ್ಪತ್ರೆ" ಎಂದು ಲಾರಿಯ ವೇಗ ಹೆಚ್ಚಿಸಿದ. ಅವನದು ತಪ್ಪೆನ್ನಲಾರೆ. ಆದರೆ ಪುತ್ತೂರು ಇನ್ನೂ ಎರಡು ಮೂರು ಮೈಲಿ ಇರುವಾಗ ಉಸಿರು ನಿಂತಿತು. ಮನೆಯ ಬಾಗಿಲ ಮುಂದಿನಿಂದಲೇ ಅವರನ್ನು ದಾಟಿಸಿಕೊಂಡು ಹೋಗಿಯಾಗಿತ್ತು.

ಮರುದಿನ ಪೊಲೀಸರು ಬಂದು ಅಂಗಳದಲ್ಲಿ ಆ ಗಂಟನ್ನು ಬಿಚ್ಚಿದರು. ಸೀರೆ, ರವಿಕೆ ಕಣ, ಲುಂಗಿ, ಅಡಿಯಲ್ಲಿ ಸಣ್ಣ ಮಕ್ಕಳ ಹತ್ತು ಹನ್ನೆರಡು ಅಂಗಿ. ಊರಿನಲ್ಲಿ ಸಂಜೆಯೊಳಗೆ ಮಾತು ಹಬ್ಬಿತು: "ಮಕ್ಕಳ ಅಂಗಿ ಇತ್ತಂತಲ್ಲ! ಅದು ಎಲ್ಲಿಂದ ಬಂತು?" ಜವಳಿ ಮಾರುವವರ ಗಂಟಿನಲ್ಲಿ ಮಕ್ಕಳ ಅಂಗಿ ಎಲ್ಲಿಂದ ಬರುತ್ತದೆ ಎಂದು ಜನ ಕೇಳುತ್ತಿದ್ದರು. ಅದೇ ಜನ ಹೋದ ವರ್ಷ ಅದೇ ಗಂಟಿನಿಂದ ತಮ್ಮ ಮಕ್ಕಳಿಗೆ ಅಂಗಿ ತೆಗೆದವರು. ನನಗೆ ಮೊದಲ ಸಲ ನನ್ನ ಊರಿನ ಮೇಲೆ ಹೇಸಿಗೆ ಹುಟ್ಟಿದ್ದು ಆ ಪ್ರಶ್ನೆ ಕೇಳಿದಾಗ. ಹೊಡೆದದ್ದಕ್ಕೆ ಹೆದರಿಕೆಯ ಕಾರಣವಾದರೂ ಇತ್ತು ಅನ್ನಬಹುದು. ಈ ಮಾತಿಗೆ ಯಾವ ಹೆದರಿಕೆಯಿತ್ತು?

ದೊಡ್ಡ ಗಲಾಟೆಯಾಗುತ್ತದೆಂದು ಎಲ್ಲರೂ ಕಾದರು. ಆಗಲಿಲ್ಲ. ಎರಡೂ ಕಡೆಯ ಹಿರಿಯರು ಕುಂಬ್ರದಲ್ಲಿ ಕೂತು ಮಾತಾಡಿದರು. "ನಮ್ಮಲ್ಲಿ ಹಾಗೆಲ್ಲ ಇಲ್ಲ, ನಾವು ಒಟ್ಟಿಗೆ ಇರುವವರು" ಎಂದು ಎರಡೂ ಕಡೆಯವರು ಹೇಳಿದರಂತೆ. ಆಮೇಲೆ ನಮ್ಮೂರಿನವರು ಅದನ್ನೇ ದೊಡ್ಡ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ನಾವು ಎಂಥ ಒಳ್ಳೆಯವರು, ಒಂದು ಸಾವಾದರೂ ಗಲಾಟೆಯಾಗಲಿಲ್ಲ ಎಂದು.

ಮುಂದಿನ ಆದಿತ್ಯವಾರ ತವರಿಗೆ ಹೋದೆ. ಅಂಗಳವನ್ನು ಸೆಗಣಿ ಹಾಕಿ ಸಾರಿಸಿದ್ದರು. ಅಣ್ಣ ಊಟಕ್ಕೆ ಕೂತಿದ್ದ. ಅಮ್ಮನನ್ನು ಕೇಳಿದೆ, "ಅವರು ಇಲ್ಲಿಗೆ ಯಾಕೆ ಓಡಿ ಬಂದ್ರು?"

"ನನಗೆಂತ ಗೊತ್ತು? ಬೊಬ್ಬೆ ಕೇಳಿತು, ಬಾಗಿಲು ಹಾಕಿದೆ. ಮೂರು ಮಕ್ಕಳು ಒಳಗಿದ್ರು" ಎಂದರು ಅಮ್ಮ.

"ಅವರು ಅಂತ ಗೊತ್ತಾಗ್ಲಿಲ್ವಾ?"

"ಬೊಬ್ಬೆಯಲ್ಲಿ ಯಾರು ಅಂತ ಹೇಗೆ ಗೊತ್ತಾಗುದು?"

ಅಣ್ಣ ಮಜ್ಜಿಗೆ ಕಲಸಿ ಉಣ್ಣುತ್ತಿದ್ದ. "ನೀನು?" ಎಂದೆ.

"ನಾನು ಕೆಳಗಿನ ತೋಟದಲ್ಲಿದ್ದೆ. ಬರುವಾಗ ಎಲ್ಲ ಮುಗಿದಿತ್ತು" ಎಂದ. ತಲೆ ಎತ್ತಲಿಲ್ಲ. ನಾನು ನಂಬಿದೆ. ಅಣ್ಣ ಇರುವೆಯ ಸಾಲು ಕಂಡರೆ ದಾಟಿ ನಡೆಯುವವನು. ಅಪ್ಪ ಸತ್ತ ಮೇಲೆ ನನ್ನ ಕೆಲಸಕ್ಕೆ ಅಡ್ಡಿ ಮಾಡದವನು. ನಂಬದೆ ಇರಲು ನನಗೆ ಕಾರಣವೇ ಇರಲಿಲ್ಲ.

ಹದಿನೈದು ದಿನ ಕಳೆದು ಅತ್ತಿಗೆ ಒಬ್ಬಳೇ ನನ್ನ ಬಾಡಿಗೆ ಮನೆಗೆ ಬಂದಳು. ಹಾಗೆ ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ಬಂದವಳು ಮೇಜಿನ ಮೇಲಿನ ತಕ್ಕಡಿಯನ್ನು, ಬಾಟಲಿಗಳನ್ನು ನೋಡುತ್ತ ಬಹಳ ಹೊತ್ತು ನಿಂತಳು.

"ನಂಗೆ ನಿದ್ದೆ ಬರುದಿಲ್ಲ ಅತ್ತಿಗೆ" ಎಂದಳು. ನನ್ನನ್ನು ಅವಳೂ ಅತ್ತಿಗೆ ಎಂದೇ ಕರೆಯುತ್ತಿದ್ದಳು. "ಅತ್ತೆ ಬಾಗಿಲು ಹಾಕಿದ್ದಲ್ಲ. ಇವರು."

ನಾನು ಕೂತೆ.

"ಇವರು ಜಗಲಿಯಲ್ಲಿ ನಿಂತಿದ್ರು. ಅವರು ಅಂಗಳಕ್ಕೆ ಬಂದ್ರು, ಗಂಟು ಬಿಸಾಡಿ ಓಡಿ ಬಂದ್ರು. ಮೆಟ್ಟಿಲು ಹಿಡ್ಕೊಂಡು, 'ಸಣ್ಣ ಧಣೀ, ಇವರಿಗೆ ಹೇಳಿ, ನಾನು ಯಾರು ಅಂತ ಹೇಳಿ' ಅಂತ ಹೇಳಿದ್ರು. ಎರಡು ಸಲ ಹೇಳಿದ್ರು. ಆ ಜನ ಅಂಗಳದ ಆಚೆ ನಿಂತಿದ್ರು ಅತ್ತಿಗೆ. ನಿಂತಿದ್ರು! ಇವರ ಮುಖ ನೋಡ್ತಿದ್ರು. ಇವರು ಒಂದು ಮಾತು ಹೇಳಿದ್ರೆ..."

"ಅಣ್ಣ ಎಂತ ಹೇಳಿದ?"

"ಎಂತ ಇಲ್ಲ. ತಿರುಗಿ ಒಳಗೆ ಬಂದ್ರು. ಚಿಲಕ ಹಾಕಿದ್ರು. ಆಮೇಲೆ ಆ ಜನ ನುಗ್ಗಿದ್ದು."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ಎದ್ದು ಆರಿಸಲಿಲ್ಲ. "ನೀನು ಯಾಕೆ ಹೇಳ್ಲಿಲ್ಲ? ನೀನು ಅಲ್ಲಿಯೇ ಇದ್ದಿಯಲ್ಲ?" ಎಂದೆ.

ಅವಳ ಕಣ್ಣು ತುಂಬಿ ಬಂತು. ಸಿಟ್ಟಿನಿಂದಲೋ ದುಃಖದಿಂದಲೋ ತಿಳಿಯಲಿಲ್ಲ. "ಮಕ್ಕಳ ಮೇಲೆ ಕಣ್ಣಿಡು, ಕಡಬದಲ್ಲಿ ಮಗು ಹೋಗಿದೆ ಅಂತ ಹೇಳಿದ್ದು ನೀವೇ ಅಲ್ವಾ? ನಂಗೂ ಆ ಒಂದು ಗಳಿಗೆ ಅನ್ನಿಸಿತು, ಇವರೇ ಇರ್ಬಹುದಾ ಅಂತ. ಇಷ್ಟು ವರ್ಷ ಬರ್ತಿದ್ದದ್ದು ಇದಕ್ಕೇ ಇರ್ಬಹುದಾ ಅಂತ."

ನಾನು ಎದ್ದು ಒಲೆ ಆರಿಸಿದೆ. ಅವಳನ್ನು ಬಸ್ಸಿನ ದಾರಿಯವರೆಗೆ ಬಿಟ್ಟು ಬಂದೆ.

ಆ ವಾರವೇ ಕುಂಬ್ರಕ್ಕೆ ಹೋದೆ. ಅವರ ಮನೆ ರಸ್ತೆಯಿಂದ ಒಳಗೆ, ಸಣ್ಣ ಹಂಚಿನ ಮನೆ. ಅವರ ಹೆಂಡತಿ ಒಳಕೋಣೆಯಲ್ಲಿದ್ದರು. ಅವರಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವುದಿಲ್ಲ. ನನ್ನನ್ನು ಒಳಗೆ ಕರೆದರು. ನಾವಿಬ್ಬರೂ ಗಂಡ ಸತ್ತವರು, ಇಬ್ಬರೂ ಬಿಳಿಯಲ್ಲಿದ್ದೆವು. ಅವರಿಗೆ ಕನ್ನಡ ಕಷ್ಟ, ನನಗೆ ಬ್ಯಾರಿ ಭಾಷೆ ಅರ್ಧಂಬರ್ಧ. ತುಳುವಿನಲ್ಲಿ ಮಾತಾಡಿದೆವು.

ಕೊನೆಗೆ ಏನು ಹೇಳಿದರು ಎಂದು ಅವರು ಕೇಳಿದರು. ಗಂಟು ಬಿಚ್ಚಿ ನೋಡಲು ಹೇಳಿ ಎಂದರು ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಮಕ್ಕಳ ಬಗ್ಗೆಯೋ ತಮ್ಮ ಬಗ್ಗೆಯೋ ಒಂದು ಮಾತು ಇದ್ದೀತೆಂದು ಕಾದಿದ್ದರೆಂದು ಕಾಣುತ್ತದೆ. ನಾನು ಒಂದು ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

ಆಮೇಲೆ ಕೇಳಿದರು, "ಬಿದ್ದದ್ದು ನಿಮ್ಮ ಮನೆಯ ಅಂಗಳದಲ್ಲಿ ಅಂತ ಹೇಳಿದ್ರು. ಹೌದಾ?"

"ಹೌದು."

"ಆ ಮನೆಗೆ ಹೋದ ದಿನ ಅವರು ಲೇಟಾಗಿ ಬಂದರೂ ನನಗೆ ಹೆದರಿಕೆ ಇರ್ಲಿಲ್ಲ" ಎಂದರು. "ಅಲ್ಲಿ ನಮ್ಮವರಿದ್ದಾರೆ ಅಂತ ಹೇಳ್ತಿದ್ರು."

ಅಣ್ಣ ಬಾಗಿಲು ಹಾಕಿಕೊಂಡದ್ದನ್ನು ನಾನು ಹೇಳಲಿಲ್ಲ. ಹೇಳಲೆಂದೇ ಹೋಗಿದ್ದೆ. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು ಎದ್ದು ಬಂದೆ. ಅವರಿಗೆ ನೋವಾಗುತ್ತದೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಅದಲ್ಲ. ಅವನು ನನ್ನ ಅಣ್ಣನಾಗಿದ್ದ.

ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ಕೇಸು ಒಂದು ವರ್ಷ ನಡೆಯಿತು. ನನ್ನನ್ನೂ ಕರೆದರು. ಅತ್ತಿಗೆ ಹೇಳಿದ್ದನ್ನು ಈ ಸಲ ಹೇಳಿಯೇ ಬಿಡುತ್ತೇನೆಂದು ಸರಕಾರಿ ವಕೀಲರ ಬಳಿ ಹೋದೆ. ಅವರು ಕನ್ನಡಕ ತೆಗೆದು ಒರೆಸಿ, "ಇನ್ನೊಬ್ಬರು ಹೇಳಿದ್ದು ಬೇಡಮ್ಮ. ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ" ಎಂದರು. ನಾನು ಕಣ್ಣಾರೆ ಕಂಡದ್ದು ಒಡೆದ ತಲೆ, ಮುರಿದ ಪಕ್ಕೆಲುಬು, ಮುಚ್ಚಿದ ಬಾಗಿಲು. ಅಷ್ಟನ್ನು ಹೇಳಿದೆ. ಕೆಲಸದವಳು, ಹೊಡೆಯುವಾಗ ತಾನು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ ಎಂದಳು. ಪಕ್ಕದ ಮನೆಯವಳು ಮಗುವಿನ ಚಿಂತೆಯಲ್ಲಿ ಏನೂ ನೋಡಲಿಲ್ಲ ಎಂದಳು. ಅತ್ತಿಗೆಯನ್ನು ಯಾರೂ ಕರೆಯಲೇ ಇಲ್ಲ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟಕಟೆ ಏರಿ, ದೇವರ ಮೇಲೆ ಪ್ರಮಾಣ ಮಾಡಿ, ಕೆಳಗಿನ ತೋಟದಲ್ಲಿದ್ದೆ ಎಂದ. ಧ್ವನಿ ನಡುಗಲಿಲ್ಲ. ನನ್ನ ಕಡೆ ನೋಡಿಯೂ ನೋಡಿದ.

ಎಲ್ಲರೂ ಬಿಡುಗಡೆಯಾದರು. ಪುತ್ತೂರಿನಿಂದ ಊರಿಗೆ ಹೋಗುವ ಬಸ್ಸು ಒಂದೇ. ನಾನು, ಅಣ್ಣ, ಬಿಡುಗಡೆಯಾದವರು ಎಲ್ಲರೂ ಅದರಲ್ಲೇ ಹತ್ತಿದೆವು. ಕುಂಬ್ರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ನೆಲ ನೋಡಿದರು. ಬಸ್ಸು ಹೊರಟ ಮೇಲೆ ಮತ್ತೆ ಅಡಿಕೆಯ ಕೊಳೆರೋಗದ ಮಾತು ಶುರುವಾಯಿತು. ನನ್ನ ಹಿಂದಿನ ಸೀಟಿನಲ್ಲಿದ್ದವನು, ಆಪಾದಿತರಲ್ಲಿ ಒಬ್ಬ, ಮುಂದೆ ಬಾಗಿ ಮೆಲ್ಲಗೆ ಹೇಳಿದ: "ನರ್ಸಮ್ಮ, ಹೆಂಡತಿಗೆ ಮುಂದಿನ ತಿಂಗಳು ದಿನ. ಚೊಚ್ಚಲು. ನೀವು ಬರ್ಬೇಕು."

ನಾನು ತಿರುಗಿ ನೋಡಲಿಲ್ಲ. ಆದರೆ ಹೋದೆ. ಹೋಗುವುದಿಲ್ಲ ಎನ್ನಲು ಆ ಹುಡುಗಿ ಏನು ಮಾಡಿದ್ದಳು? ಕಷ್ಟದ ಹೆರಿಗೆ. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಮಗು ಅಡ್ಡವಿತ್ತು, ಕೈ ಹಾಕಿ ತಿರುಗಿಸಬೇಕಾಯಿತು. ಗಂಡು ಮಗು, ಮೊದಲು ಅಳಲಿಲ್ಲ, ಬೆನ್ನು ತಿಕ್ಕಿದ ಮೇಲೆ ಅತ್ತಿತು. ಹೊರಗೆ ಬಂದು ಹಿಂಬದಿಯ ಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದಾಗ ಅವನು ನೀರು ಹೊಯ್ಯಲು ಬಂದ.

"ಎರಡೂ ಜೀವ ಉಳಿಸಿದ್ರಿ" ಎಂದ.

ನನ್ನಿಂದ ತಡೆಯಲಾಗಲಿಲ್ಲ. "ನೀವು ಆ ಗಂಟನ್ನು ಯಾಕೆ ಬಿಚ್ಚಿ ನೋಡ್ಲಿಲ್ಲ?"

ಅವನ ಕೈಯ ತಂಬಿಗೆ ಹಾಗೇ ನಿಂತಿತು. ಅದನ್ನು ಕಟ್ಟೆಯ ಮೇಲಿಟ್ಟು ಹೇಳಿದ, "ನಾವು ನಿಂತಿದ್ದೆವು ನರ್ಸಮ್ಮ. ನಿಮ್ಮ ಅಣ್ಣ ಒಳಗೆ ಹೋಗಿ ಬಾಗಿಲು ಹಾಕಿದ್ರಲ್ಲ, ಆಗ ಹೌದೂಂತ ಆಯ್ತು. ಅವರಿಗೇ ಬೇಡದಿದ್ರೆ ಮತ್ತೆ ಹೌದಲ್ವಾ ಅಂತ." ಮತ್ತೆ ಸೇರಿಸಿದ, "ನಾನು ಎರಡು ಪೆಟ್ಟು ಹೊಡೆದ ಮೇಲೆ ಮುಖ ಕಂಡಿತು. ನನ್ನ ಮದುವೆಯ ಸೀರೆ ತಂದುಕೊಟ್ಟವರು. ಗೊತ್ತಾಯ್ತು. ಗೊತ್ತಾದ ಮೇಲೂ ಕೈ ನಿಲ್ಲಲಿಲ್ಲ. ಯಾಕೆ ಅಂತ ದಿನಾ ಕೇಳ್ತೇನೆ."

ಅವನು ಅಳುತ್ತಿದ್ದ. ನಾನು ಸಮಾಧಾನ ಮಾಡಲಿಲ್ಲ. ಆದರೆ ಇಷ್ಟನ್ನು ಹೇಳಬೇಕು: ಆ ಊರಿನಲ್ಲಿ ನನಗೆ ನಿಜ ಹೇಳಿದ ಗಂಡಸು ಅವನೊಬ್ಬನೇ. ಸತ್ತವರ ನೆತ್ತರು ಅಂಟಿದ ಕೈಯವನು ಹೇಳಿದ್ದನ್ನು ನನ್ನ ಒಡಹುಟ್ಟಿದವನು ಹೇಳಲಿಲ್ಲ. ಹೊಡೆದವರ ಬಗ್ಗೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಅಣ್ಣನ ಬಗ್ಗೆ ಇದ್ದದ್ದು ಸಿಟ್ಟಲ್ಲ. ಮನೆಯೊಳಗೇ ಕಳೆದುಹೋದ ವಸ್ತುವನ್ನು ದಿನಾ ಹುಡುಕುವಂಥ ಒಂದು ಸಂಕಟ ಅದು. ಇವನು ಹೀಗೆಂದು ನನಗೆ ಹೇಗೆ ಗೊತ್ತಾಗಲಿಲ್ಲ ಎಂದು.

ಆಮೇಲೆ ಸುತ್ತಮುತ್ತಲಿನ ಬ್ಯಾರಿಗಳ ಮನೆಗಳಿಂದ ಹೆರಿಗೆಗೆ ಕರೆ ಬರುವುದು ನಿಂತಿತು. ಯಾರೂ ಜಗಳವಾಡಲಿಲ್ಲ, ಎದುರು ಸಿಕ್ಕಿದರೆ ನಗುತ್ತಿದ್ದರು. ಬೆಟ್ಟಂಪಾಡಿಯ ಕಡೆಯಿಂದ ಹಳೆಯ ಸೂಲಗಿತ್ತಿಯೊಬ್ಬಳನ್ನು ಗಾಡಿಯಲ್ಲಿ ಕರೆಸಿಕೊಳ್ಳುತ್ತಿದ್ದರು. ಅಂಥ ಒಂದು ಹೆರಿಗೆಯಲ್ಲಿ ತಾಯಿ ಉಳಿಯಲಿಲ್ಲವೆಂದು ಕೇಳಿದ ದಿನ ನಾನು ವರ್ಗಕ್ಕೆ ಅರ್ಜಿ ಬರೆದೆ. ಸುಳ್ಯದ ಆಚೆ ಒಂದು ಹಳ್ಳಿಗೆ ಹಾಕಿದರು. ಅಲ್ಲಿ ಅರೆಭಾಷೆಯ ಗೌಡರ ಮನೆಗಳು. ಯಾರಿಗೂ ನನ್ನ ತವರು ಯಾವುದೆಂದು ಗೊತ್ತಿರಲಿಲ್ಲ. ನೆಮ್ಮದಿ ಅನ್ನಲಾರೆ, ಅನುಕೂಲ ಆಯಿತು.

ಅಮ್ಮ ತೀರಿಹೋದ ಮರುವರ್ಷ ಅಣ್ಣ ನನ್ನನ್ನು ನೋಡಲು ಸುಳ್ಯಕ್ಕೆ ಬಂದ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಳೆಗೊನೆ ತಂದಿದ್ದ, ಅತ್ತಿಗೆ ಕಳಿಸಿದ ಹಪ್ಪಳ ತಂದಿದ್ದ. ಊಟ ಮಾಡಿ, ದೊಡ್ಡ ಮಗಳ ಸಂಬಂಧದ ವಿಷಯ, ಬಾವಿಗೆ ಪಂಪು ಹಾಕಿಸುವ ವಿಷಯ ಎಲ್ಲ ಹೇಳಿದ. ಅವನು ಇದನ್ನೆಲ್ಲ ದಾಟಿ ಆ ದಿನದ ಮಾತಿಗೆ ಬರುತ್ತಾನೆ, ಅದಕ್ಕೇ ಇಷ್ಟು ದೂರ ಬಂದಿದ್ದಾನೆ ಎಂದು ನಾನು ಎಲೆ ಅಡಿಕೆ ಮುಂದಿಟ್ಟು ಕಾದೆ. ಮೂರು ಗಂಟೆಯಾಯಿತು. ನಾಲ್ಕರ ಬಸ್ಸಿಗೆ ಹೋಗಬೇಕೆಂದು ಅವನು ಎದ್ದ.

ನಾನೇ ಕೇಳಿದೆ. "ಅಣ್ಣ, ಅವತ್ತು ಮೆಟ್ಟಿಲ ಹತ್ರ ಅವರು ನಿನ್ನ ಹತ್ರ ಎಂತ ಹೇಳಿದ್ರು?"

"ಯಾರು?" ಎಂದ.

ನಟಿಸಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸುತ್ತದೆ. ಅವನ ಮುಖದಲ್ಲಿ ನಿಜವಾದ ಪ್ರಶ್ನೆಯಿತ್ತು. ಕೆಳಗಿನ ತೋಟದಲ್ಲಿದ್ದೆ ಎಂದು ಎಷ್ಟು ಸಲ ಹೇಳಿದ್ದನೋ, ಅವನು ಈಗ ನಿಜವಾಗಿಯೂ ಅಲ್ಲೇ ಇದ್ದ.

"ಯಾರೂ ಇಲ್ಲ" ಎಂದೆ.

ಬಸ್ಸು ನಿಲ್ಲುವಲ್ಲಿಯವರೆಗೆ ಜೊತೆಗೆ ನಡೆದೆ. ದಾರಿಗೆ ಒಂದಿಷ್ಟು ಅವಲಕ್ಕಿ ಕಟ್ಟಿಕೊಟ್ಟೆ. ಕಿಟಕಿಯ ಪಕ್ಕ ಕೂತು, ಆರೋಗ್ಯ ನೋಡಿಕೋ, ಬಿಸಿಲಲ್ಲಿ ಜಾಸ್ತಿ ನಡೆಯಬೇಡ ಎಂದ. ಆಮೇಲೂ ಅವನ ಮಕ್ಕಳ ಮದುವೆಗೆ ಹೋದೆ, ಅವನ ಕಾಯಿಲೆಯಲ್ಲಿ ಹದಿನೈದು ದಿನ ಪಕ್ಕದಲ್ಲಿ ಕೂತು ಔಷಧಿ ಕುಡಿಸಿದೆ. ಆ ಹದಿನೈದು ದಿನವೂ ಕಾದೆ. ಅವನು ನನ್ನ ಕೈ ಹಿಡಿದುಕೊಂಡೇ ಹೋದ. ಒಳ್ಳೆಯ ಮನುಷ್ಯ ಎಂದು ಬಂದವರೆಲ್ಲ ಹೇಳಿದರು. ನಾನು ಅಲ್ಲವೆನ್ನಲಿಲ್ಲ.